ಕಿಡಿಯ ಮುಹೂರ್ತ

ಗಾಳಿಯಿಂದ ತಣಿಯುವ ಎಂಜಿನ್ನಿನ ಕಾರುಗಳನ್ನು ಇಂದಿಗೂ ಉಳಿಸಿಕೊಂಡು ಓಡಿಸುತ್ತಿರುವವರು ನಮ್ಮಲ್ಲಿ ವಿರಳರಾಗಿದ್ದರೂ, ಅವರಲ್ಲಿ ನಾಲ್ವರು ಒಂದೆಡೆ ಕಲೆತರೆಂದರೆ ಮಾತು ಬಣ್ಣ, ಬಂಪರು, ಆಸನಗಳ ಹೊದಿಕೆ ಮೊದಲಾದ ಬಹಿರಂಗದ ಸಂಗತಿಗಳನ್ನೆಲ್ಲ ಸುತ್ತಿ ಬಂದು ಕಡೆಗೆ ನೆಲೆಗೊಳ್ಳುವುದು ಡಿಸ್ಟ್ರಿಬ್ಯೂಟರಿನ ಬಳಿಯಲ್ಲಿಯೇ. ಅಂಗೈಯೊಳಗೆ ಹಿಡಿಸುವ, ಬೇಕಲೈಟಿನ ಮುಚ್ಚಳವನ್ನು ಹೊತ್ತು ಐದು ದಪ್ಪ ತಂತಿಗಳನ್ನು ತಲೆಯ ಮೇಲೆ ಹರಡಿಕೊಂಡಿರುವ ಆ ಉಪಕರಣದ ವಿಷಯದಲ್ಲಿ ಇಬ್ಬರ ಅಭಿಪ್ರಾಯ ಒಂದಾದುದನ್ನು ನಾನು ಕಂಡದ್ದು ಅಪೂರ್ವ. ಕಾರ್ಬುರೇಟರಿನ ವಿಷಯದಲ್ಲಿ ಸೋಲೊಪ್ಪುವವರೂ, ಟೈರಿನ ವಿಷಯದಲ್ಲಿ ನೆರೆಯವನ ಮಾತಿಗೆ ಕಿವಿಗೊಡುವವರೂ, ಕಿಡಿ ಯಾವ ಕ್ಷಣದಲ್ಲಿ ಹಾರಬೇಕೆಂಬ ಪ್ರಶ್ನೆ ಬಂದೊಡನೆ ತಮ್ಮ ಮತವನ್ನು ಬಿಟ್ಟುಕೊಡಲು ಸಿದ್ಧರಾಗರು. ಈ ಹಠ ಅಕಾರಣವಾದುದಲ್ಲ. ಅಂಥ ಎಂಜಿನ್ನಿನ ಆಯುಸ್ಸಿನ ಬಹುಭಾಗ ಆ ಕ್ಷಣದ ನಿರ್ಣಯವನ್ನೇ ಅವಲಂಬಿಸಿರುವುದರಿಂದ, ತನ್ನ ಕಾರನ್ನು ಪ್ರೀತಿಸುವವನು ಅಲ್ಲಿ ಗಟ್ಟಿಯಾಗಿ ನಿಲ್ಲುವುದು ಸಹಜವೇ. ನನಗೂ ಒಂದು ಮತವುಂಟು. ದಿನನಿತ್ಯ ರಸ್ತೆಯ ಮೇಲೆ ಓಡಬೇಕಾದ ಇಂಥ ಕಾರಿಗೆ ಡಿಸ್ಟ್ರಿಬ್ಯೂಟರನ್ನು ಆರಿಸುವಾಗಲೂ, ಆರಿಸಿದುದನ್ನು ಹೊಂದಿಸುವಾಗಲೂ, ಎಂಜಿನ್ನಿನಿಂದ ಎಷ್ಟು ಬಲವನ್ನು ಹಿಂಡಬಹುದೆಂಬುದಕ್ಕಿಂತ ಮೊದಲು ಅದರ ತಲೆ ಎಷ್ಟು ಶಾಖವನ್ನು ತಾಳಬಲ್ಲುದೆಂದು ಕೇಳಿಕೊಳ್ಳಬೇಕೆಂಬುದೇ ಆ ಮತ.

ಪೆಟ್ರೋಲು ಗಾಳಿಗಳ ಮಿಶ್ರಣ ಸಿಲಿಂಡರಿನೊಳಗೆ ಕಿಡಿ ತಾಕಿದೊಡನೆ ಒಮ್ಮೆಗೇ ಸಿಡಿದುಬಿಡುವುದೆಂದು ಹಲವರು ಭಾವಿಸಿರುವರು. ವಾಸ್ತವದಲ್ಲಿ ಪ್ಲಗ್ಗಿನ ತುದಿಯಲ್ಲಿ ಹುಟ್ಟಿದ ಜ್ವಾಲೆ ಮಿಶ್ರಣವನ್ನು ವ್ಯಾಪಿಸುತ್ತ ಹೋಗಬೇಕು. ಆ ವ್ಯಾಪನೆಗೆ ಅತ್ಯಲ್ಪವಾದರೂ ಒಂದು ಅವಧಿ ಬೇಕು. ದಹನದಿಂದ ಹುಟ್ಟಿದ ಒತ್ತಡ ಪರಾಕಾಷ್ಠೆಯನ್ನು ಮುಟ್ಟುವ ಹೊತ್ತಿಗೆ ಪಿಸ್ಟನ್ನು ತನ್ನ ಮೇಲ್ತುದಿಯನ್ನು ದಾಟಿ, ಕ್ರ್ಯಾಂಕ್‌ಶಾಫ್ಟು ಹದಿನೈದು ಡಿಗ್ರಿಯ ಆಸುಪಾಸಿನಲ್ಲಿದ್ದರೆ ತಳ್ಳುವಿಕೆಯ ಪೂರ್ಣಫಲ ದೊರೆಯುವುದು. ಆದುದರಿಂದ ಪಿಸ್ಟನ್ನು ಇನ್ನೂ ಮೇಲೇರುತ್ತಿರುವಾಗಲೇ, ತಳ್ಳಬೇಕಾದ ಕ್ಷಣಕ್ಕಿಂತ ಮೊದಲೇ, ಕಿಡಿ ಹಾರಬೇಕಾಗುವುದು. ನಮ್ಮ ಸಂಗೀತದಲ್ಲಿ ತಾಳದ ಆವರ್ತ ಮೊದಲಾಗುವುದಕ್ಕೆ ಮುಂಚೆಯೇ ಪಲ್ಲವಿಯನ್ನು ಎತ್ತಿಕೊಳ್ಳುವ ಅತೀತ ಎಡುಪು ಉಂಟಷ್ಟೆ. ಎಂಜಿನ್ನಿನ ಕಿಡಿ ಸದಾ ಅತೀತದಲ್ಲಿಯೇ ಎತ್ತಿಕೊಳ್ಳುವ ಹಾಡು. ಆದರೆ ಗಾಯಕನ ಕಾಲಪ್ರಮಾಣ ಒಮ್ಮೆ ಹಿಡಿದಂತೆ ನಿಲ್ಲುವುದಾದರೆ, ಎಂಜಿನ್ನಿನದು ಚಾಲಕನ ಪಾದದೊಡನೆ ಏರುತ್ತ ಇಳಿಯುತ್ತ ಇರುವುದರಿಂದ, ಎಷ್ಟು ಮುಂಚೆ ಎತ್ತಿಕೊಳ್ಳಬೇಕೆಂಬ ಲೆಕ್ಕ ಕ್ಷಣಕ್ಷಣಕ್ಕೂ ಬದಲಾಗುವುದು.

ಆ ಲೆಕ್ಕವನ್ನು ಕಾಗದದ ಮೇಲೆ ಮಾಡಿ ನೋಡುವುದು ಸೊಗಸಾದ ವಿನೋದ. ಎಂಜಿನ್ನು ನಿಂತ ಕಾರಿನಲ್ಲಿ ಸಾವಧಾನವಾಗಿ ನಿಮಿಷಕ್ಕೆ 900 ಸುತ್ತಿನಂತೆ ತಿರುಗುತ್ತಿರುವಾಗ ಕ್ರ್ಯಾಂಕ್‌ಶಾಫ್ಟು 7.5 ಡಿಗ್ರಿ ತಿರುಗಲು ಸುಮಾರು 1.4 ಮಿಲಿಸೆಕೆಂಡು ಹಿಡಿಯುವುದು. ಅದೇ ಎಂಜಿನ್ನು 3000 ಸುತ್ತಿಗೆ ಏರಿದಾಗ ಅಷ್ಟೇ ಅವಧಿಯೊಳಗೆ ಶಾಫ್ಟು 25 ಡಿಗ್ರಿ ತಿರುಗಿಹೋಗುವುದು. ಜ್ವಾಲೆಗೆ ಬೇಕಾದ ಅವಧಿ ಹೆಚ್ಚುಕಡಮೆ ಅಷ್ಟೇ ಉಳಿದಿರುವಾಗ, ಏಳೂವರೆ ಡಿಗ್ರಿ ಮುಂಚೆ ಹಾರುತ್ತಿದ್ದ ಕಿಡಿ ಈಗ ಇಪ್ಪತ್ತೈದರಿಂದ ಮೂವತ್ತು ಡಿಗ್ರಿ ಮುಂಚೆ ಹಾರದಿದ್ದರೆ ದಹನ ಹಿಂದೆ ಬೀಳುವುದು. ನಾಲ್ಕು ಸಿಲಿಂಡರಿನ ಎಂಜಿನ್ನು ಆ ವೇಗದಲ್ಲಿ ಸೆಕೆಂಡಿಗೆ ನೂರು ಕಿಡಿಗಳನ್ನು ಬೇಡುತ್ತದೆ, ಆ ನೂರೂ ಒಂದೇ ರೋಟರಿನ ತುದಿಯಿಂದ ಜಿಗಿದು ನಾಲ್ಕು ದಾರಿ ಹಿಡಿಯಬೇಕು ಎಂಬುದನ್ನು ನೆನೆದರೆ ಈ ಪುಟ್ಟ ಯಂತ್ರದ ಮೇಲೆ ಗೌರವ ಮೂಡದಿರದು. ಇನ್ನೂ ಮೇಲಿನ ವೇಗಗಳಲ್ಲಿ ಸಿಲಿಂಡರಿನೊಳಗಿನ ಮಿಶ್ರಣ ಹೆಚ್ಚು ಕದಡಿ ಜ್ವಾಲೆಯೂ ಶೀಘ್ರಗಾಮಿಯಾಗುವುದರಿಂದ ಕಿಡಿಯ ಈ ಮುಂಚಿತನವನ್ನು, ಎಂದರೆ ಅಡ್ವಾನ್ಸನ್ನು, ಏರಿಸುತ್ತಲೇ ಹೋಗಬೇಕಾದ ಅಗತ್ಯವಿಲ್ಲ. 3000 ಅಥವಾ 3500 ಸುತ್ತಿನ ಬಳಿ ಏರುರೇಖೆ ಸಮತಲವಾಗಿ ನಿಲ್ಲಬಹುದು.

ವೇಗದ ಜೊತೆಗೆ ಭಾರವೆಂಬ ಇನ್ನೊಂದು ವಿಚಾರವಿದೆ. ಸಮತಟ್ಟಾದ ಹೆದ್ದಾರಿಯಲ್ಲಿ ಆಕ್ಸಿಲರೇಟರನ್ನು ಅರೆಯಾಗಿ ಒತ್ತಿ ಹೋಗುತ್ತಿರುವಾಗ ಕಾರ್ಬುರೇಟರಿನ ಕವಾಟ ಬಹಳಮಟ್ಟಿಗೆ ಮುಚ್ಚಿಯೇ ಇರುವುದರಿಂದ ಸಿಲಿಂಡರಿಗೆ ಹೋಗುವ ಮಿಶ್ರಣ ವಿರಳ. ವಿರಳವಾದುದು ನಿಧಾನವಾಗಿ ಉರಿಯುವುದು. ಆದ್ದರಿಂದ ಕಿಡಿ ಇನ್ನೂ ಹತ್ತು ಹನ್ನೆರಡು ಡಿಗ್ರಿ ಮುಂಚೆ ಬಂದರೆ ಪೆಟ್ರೋಲೂ ಉಳಿಯುವುದು, ಎಂಜಿನ್ನೂ ತಣ್ಣಗಿರುವುದು. ಅದೇ ಕಾರು ದಿಣ್ಣೆಯನ್ನೇರಲು ಪೂರ್ತಿ ಒತ್ತಿದೊಡನೆ ಸಿಲಿಂಡರು ದಟ್ಟವಾಗಿ ತುಂಬುವುದು. ಆಗ ಆ ಹೆಚ್ಚುವರಿ ಅಡ್ವಾನ್ಸು ತಕ್ಷಣ ಹಿಂದೆಗೆಯದಿದ್ದರೆ ಅಪಾಯ. ಕಾರ್ಬುರೇಟರಿನಿಂದ ಸಣ್ಣ ನಳಿಗೆಯ ಮೂಲಕ ಬರುವ ವ್ಯಾಕ್ಯೂಮು ಈ ಸಮಾಚಾರವನ್ನು ಡಿಸ್ಟ್ರಿಬ್ಯೂಟರಿನ ಪಕ್ಕದ ಗುಂಡು ಡಬ್ಬಿಗೆ ತಲುಪಿಸುವುದು. ಅದರೊಳಗಿನ ಪೊರೆ ಸೆಳೆಯಲ್ಪಟ್ಟು ತೆರೆದೊಡನೆ ಕಿಡಿಯನ್ನು ಹಾರಿಸುವ ಪಾಯಿಂಟುಗಳು ಕುಳಿತಿರುವ ತಟ್ಟೆಯನ್ನು ಇಷ್ಟಿಷ್ಟಾಗಿ ತಿರುಗಿಸುವುದು. ವೇಗದ ಸಮಾಚಾರ ಬರುವುದು ಬೇರೊಂದು ಮಾರ್ಗದಿಂದ: ಶಾಫ್ಟಿನೊಡನೆ ಸುತ್ತುವ ಎರಡು ತೂಕಗಳು ಕೇಂದ್ರಾಪಗಾಮಿ ಬಲದಿಂದ ಹೊರಚಾಚಿ, ಎರಡು ಸಣ್ಣ ಸ್ಪ್ರಿಂಗುಗಳ ಎಳೆತವನ್ನು ಮೀರಿ, ಪಾಯಿಂಟುಗಳನ್ನು ತೆರೆಯುವ ಕ್ಯಾಮನ್ನು ಮುಂದಕ್ಕೆ ದಬ್ಬುವುವು. ಕೂದಲೆಳೆಯಂಥ ಸ್ಪ್ರಿಂಗಿನ ದಪ್ಪದಲ್ಲಿ ಒಂದು ಎಂಜಿನ್ನಿನ ಸ್ವಭಾವವನ್ನೇ ಬರೆದಿಟ್ಟ ಆ ಕಾಲದ ಎಂಜಿನಿಯರುಗಳ ಕೌಶಲವನ್ನು ಎಷ್ಟು ಹೊಗಳಿದರೂ ಕಡಮೆಯೇ.

ಈ ವಿದ್ಯೆಯ ಪರಂಪರೆ ದೀರ್ಘವಾದುದು. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಅವರ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೋನೋಲ್ಡ್ 1902ರಲ್ಲಿ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊವನ್ನು ಸಿದ್ಧಪಡಿಸಿ ಸ್ಪಾರ್ಕ್ ಪ್ಲಗ್ಗನ್ನು ಭರವಸೆಯ ವಸ್ತುವನ್ನಾಗಿ ಮಾಡಿದರು; ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ವ್ಯವಸ್ಥೆಯನ್ನು ರೂಪಿಸಿದರು. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚುಕಾಲ ಜಗತ್ತಿನ ಕಾರುಗಳಲ್ಲಿ ಬಹುಪಾಲು ಕೆಟರಿಂಗರ ವ್ಯವಸ್ಥೆಯಿಂದಲೇ ಓಡಿದುವು. ಬೆಂಗಳೂರಿಗೆ ಈ ಕಥೆ ತೀರ ದೂರದ್ದಲ್ಲ. 1951ರಲ್ಲಿ ಸ್ಥಾಪನೆಗೊಂಡು ಆಡುಗೋಡಿಯಲ್ಲಿ ನೆಲೆನಿಂತ ಮೈಕೋ ಕಾರ್ಖಾನೆ ಬಾಷ್ ಸಂಸ್ಥೆಯ ಸಹಯೋಗದ್ದೇ ಆಗಿದ್ದು, ಮೈಕೋ ಪ್ಲಗ್ಗೆಂಬ ಮಾತು ಈ ನಾಡಿನ ಗ್ಯಾರೇಜುಗಳಲ್ಲಿ ಮನೆಮಾತಾಗಿ ಹೋದುದನ್ನು ಹಿರಿಯರೆಲ್ಲರೂ ಬಲ್ಲರು.

ಗಾಳಿತಂಪಿನ ಎಂಜಿನ್ನುಗಳಲ್ಲಿ ಪ್ರಸಿದ್ಧವಾದುದು ಫೋಕ್ಸ್‌ವ್ಯಾಗನ್ ಬೀಟಲಿನದು. ಫರ್ಡಿನಾಂಡ್ ಪೋರ್ಷೆಯವರ ಕಚೇರಿಯಲ್ಲಿ 1930ರ ದಶಕದಲ್ಲಿ ಫ್ರಾಂಟ್ಸ್ ರೈಮ್‌ಸ್ಪೀಸ್ ರೂಪಿಸಿದ ಆ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳು ಎರಡೆರಡಾಗಿ ಎಡಬಲಕ್ಕೆ ಮಲಗಿವೆ, ನೀರಿಲ್ಲ, ರೇಡಿಯೇಟರಿಲ್ಲ, ಡೈನಮೊವಿನ ಶಾಫ್ಟಿಗೆ ಕೂಡಿಸಿದ ದೊಡ್ಡದೊಂದು ಫ್ಯಾನು ತಗಡಿನ ಹೊದಿಕೆಯೊಳಗಿಂದ ಗಾಳಿಯನ್ನು ಸಿಲಿಂಡರುಗಳ ರೆಕ್ಕೆಗಳ ನಡುವೆ ನುಗ್ಗಿಸುವುದು. 2003ರ ಜುಲೈ 30ರಂದು ಮೆಕ್ಸಿಕೊ ದೇಶದ ಪ್ವೆಬ್ಲಾದಲ್ಲಿ ಕೊನೆಯದು ಹೊರಬರುವವರೆಗೆ 2,15,29,464 ಬೀಟಲುಗಳು ತಯಾರಾದುವೆಂಬುದು ಆ ರಚನೆಯ ದೃಢತೆಗೆ ಸಾಕ್ಷಿ. ದೃಢವಾದುದಾದರೂ ಅದು ಶಾಖದ ವಿಷಯದಲ್ಲಿ ಅತಿ ಸೂಕ್ಷ್ಮ. ನೀರಿನ ಎಂಜಿನ್ನಿನಲ್ಲಿ ಹೆಚ್ಚಾದ ಶಾಖವನ್ನು ಕೆಲಕಾಲ ನುಂಗಿಕೊಳ್ಳಲು ನೀರಿನ ಸಂಗ್ರಹವಿದೆ, ಮೀಟರಿನ ಮುಳ್ಳು ಮುನ್ಸೂಚನೆ ಕೊಡುವುದು. ಇಲ್ಲಿಯಾದರೋ ಎರಡೂವರೆ ಲೀಟರು ಆಯಿಲು ಮತ್ತು ಬೀಸುವ ಗಾಳಿ, ಇವೆರಡೇ ಕಾಪು. ಕಿಡಿ ಅತಿಯಾಗಿ ಮುಂಚೆ ಬಂದರೆ ಒತ್ತಡವೂ ಉಷ್ಣವೂ ಮಿತಿಮೀರಿ ಉಳಿದ ಮಿಶ್ರಣ ತಾನಾಗಿ ಸ್ಫೋಟಗೊಳ್ಳುವುದು. ತಡವಾಗಿ ಬಂದರೆ ಉರಿಯುತ್ತಿರುವ ಅನಿಲವೇ ಎಕ್ಸಾಸ್ಟ್ ವಾಲ್ವನ್ನು ಸವರಿಕೊಂಡು ಹೊರಬಂದು ಅದನ್ನು ಕಾಯಿಸುವುದು. ಪ್ಲಗ್ಗಿನ ರಂಧ್ರಕ್ಕೂ ವಾಲ್ವಿನ ಪೀಠಕ್ಕೂ ನಡುವಣ ಲೋಹ ಬಿರುಕುಬಿಟ್ಟ ಹಳೆಯ ಹೆಡ್ಡನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವನಿಗೆ ಈ ಮಾತಿಗೆ ಬೇರೆ ಪ್ರಮಾಣ ಬೇಡ.

ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಇತರ ಕಾರುಗಳಲ್ಲಿ ಕಿಡಿ ಮುಂದಾದಾಗ ನಾಕಿಂಗ್ ಎಂಬ ಟಕಟಕ ಸದ್ದು ಚಾಲಕನನ್ನು ಎಚ್ಚರಿಸುವುದು. ಬೀಟಲಿನಲ್ಲಿ ಫ್ಯಾನಿನ ಭೋರಾಟದಲ್ಲಿ ಆ ಸದ್ದು ಮುಳುಗಿಹೋಗಿ ಎಂಜಿನ್ನು ಒಳಗೊಳಗೇ ಪೆಟ್ಟು ತಿನ್ನುತ್ತಿದ್ದರೂ ಮುಂದಿನ ಆಸನದಲ್ಲಿ ಕುಳಿತವನಿಗೆ ಏನೂ ತಿಳಿಯದು. ಅದರ ಮೇಲೆ ಮೂರನೆಯ ಸಿಲಿಂಡರಿನ ಪಾಡು ಬೇರೆ. ಹಳೆಯ ಮಾದರಿಗಳಲ್ಲಿ ಆಯಿಲ್ ಕೂಲರು ಫ್ಯಾನಿನ ಹೊದಿಕೆಯೊಳಗೇ ನೆಟ್ಟಗೆ ನಿಂತು ಎಡಭಾಗದ ಸಿಲಿಂಡರುಗಳಿಗೆ ಹೋಗುವ ಗಾಳಿಯನ್ನು ಅಡ್ಡಗಟ್ಟಿ ತಾನು ಕಾಯಿಸಿಯೇ ಕಳುಹಿಸುತ್ತಿದ್ದುದರಿಂದ ಮೂರನೆಯದು ಉಳಿದುವಕ್ಕಿಂತ ಬಿಸಿಯಾಗುತ್ತಿತ್ತು. ಕಾರ್ಖಾನೆಯವರು ಇದನ್ನು ಅರಿತು, ಹಲವು ಡಿಸ್ಟ್ರಿಬ್ಯೂಟರುಗಳಲ್ಲಿ ಆ ಒಂದು ಸಿಲಿಂಡರಿಗೆ ಮಾತ್ರ ಕಿಡಿ ಕೆಲವು ಡಿಗ್ರಿ ತಡವಾಗಿ ಹಾರುವಂತೆ ಕ್ಯಾಮಿನ ಒಂದು ಮೂಲೆಯನ್ನೇ ಬೇರೆ ಮಾಡಿದ್ದರು. ನಾಲ್ಕು ಮಕ್ಕಳಲ್ಲಿ ದುರ್ಬಲನಾದವನ ಊಟವನ್ನು ಬೇರೆ ಬಡಿಸುವ ತಾಯಿಯ ಕಾಳಜಿ ಅದರಲ್ಲಿ ನನಗೆ ಕಾಣುತ್ತದೆ. 1971ರ ಮಾದರಿಯಿಂದ ಕೂಲರಿಗೆ ಪ್ರತ್ಯೇಕವಾದ ಗಾಳಿಯ ದಾರಿಯನ್ನು ಮಾಡಿಕೊಟ್ಟ ಮೇಲೆ ಆ ಸಿಲಿಂಡರಿನ ಸಂಕಟ ಬಹುಮಟ್ಟಿಗೆ ತಗ್ಗಿತು. ನಾಲ್ಕು ಸಿಲಿಂಡರಿಗೂ ಸಮಾನವಾಗಿ ಕಿಡಿ ಕೊಡುವ ಹೊಸ ಡಿಸ್ಟ್ರಿಬ್ಯೂಟರನ್ನು ಕೊಳ್ಳಬಯಸುವವನು ತನ್ನ ಎಂಜಿನ್ನಿನ ಕೂಲರು ಹಳೆಯದೋ ಹೊಸದೋ ಎಂದು ಮೊದಲು ಇಣಿಕಿ ನೋಡಬೇಕೆನ್ನುವುದು ಈ ಕಾರಣದಿಂದಲೇ. ಹಳೆಯದಾಗಿದ್ದರೆ ಒಟ್ಟು ಅಡ್ವಾನ್ಸನ್ನೇ ಎರಡು ಡಿಗ್ರಿ ತಗ್ಗಿಸಿಕೊಳ್ಳುವುದು ವಿವೇಕ.

ಇನ್ನು ಆಯ್ಕೆಯ ಮಾತು. ಬೀಟಲಿನವರ ನಡುವೆ ಬಾಷ್ 009 ಎಂಬ ಡಿಸ್ಟ್ರಿಬ್ಯೂಟರಿಗೆ ಇರುವಷ್ಟು ಖ್ಯಾತಿ ಮತ್ತಾವುದಕ್ಕೂ ಇಲ್ಲ. ಅದರಲ್ಲಿ ವ್ಯಾಕ್ಯೂಮಿನ ಡಬ್ಬಿಯಿಲ್ಲ. ತೂಕ ಮತ್ತು ಸ್ಪ್ರಿಂಗುಗಳೇ ಸರ್ವಸ್ವ. ರಚನೆ ಸರಳ, ಬೆಲೆ ಸುಲಭ, ಕೆಡುವ ಭಾಗಗಳು ಕಡಮೆ, ಎರಡು ಕಾರ್ಬುರೇಟರು ಕೂಡಿಸಿದ ಎಂಜಿನ್ನಿಗಂತೂ ಅದು ತಕ್ಕ ಜೊತೆ. ಏಕೆಂದರೆ ಅಂಥ ಎಂಜಿನ್ನುಗಳಲ್ಲಿ ನಳಿಗೆಗೆ ಬರುವ ವ್ಯಾಕ್ಯೂಮು ಏರಿಳಿತದಿಂದ ಕೂಡಿದ್ದು ನಂಬಲರ್ಹವಾಗಿರುವುದಿಲ್ಲ. ಇಷ್ಟೆಲ್ಲ ನಿಜವಾದರೂ, ಒಂದೇ ಸೋಲೆಕ್ಸ್ ಕಾರ್ಬುರೇಟರಿನ ಸಾಮಾನ್ಯ ಬೀಟಲಿಗೆ ಅದನ್ನು ಕೂಡಿಸುವುದನ್ನು ನಾನು ಒಪ್ಪಲಾರೆ. ಸಿಗ್ನಲ್ಲಿನಲ್ಲಿ ನಿಂತ ಕಾರನ್ನು ಎತ್ತುವಾಗ ಮೂಲದ ಡಿಸ್ಟ್ರಿಬ್ಯೂಟರು ವ್ಯಾಕ್ಯೂಮಿನ ಸೂಚನೆಯಿಂದ ಕೂಡಲೆ ಅಡ್ವಾನ್ಸು ಕೊಡುತ್ತಿದ್ದಲ್ಲಿ, 009 ಎಂಜಿನ್ನಿನ ವೇಗ ಏರುವವರೆಗೂ ಕಾದು ಕುಳಿತಿರುವುದರಿಂದ ಕಾರು ಒಂದು ಕ್ಷಣ ತಡವರಿಸುವುದು. 34 ಪಿಕ್ಟ್ ಕಾರ್ಬುರೇಟರಿನೊಡನೆ ಈ ತಡವರಿಕೆ ಇನ್ನೂ ಎದ್ದುಕಾಣುವುದು. ಹೆದ್ದಾರಿಯಲ್ಲಿ ಅರೆ ಒತ್ತಿ ಹೋಗುವಾಗ ದೊರೆಯಬೇಕಾದ ಹತ್ತು ಹನ್ನೆರಡು ಡಿಗ್ರಿಯ ಲಾಭವೂ ಇಲ್ಲವಾಗುವುದು. ಪಂದ್ಯದ ಕಾರುಗಳಲ್ಲಿ ಕಂಡುದನ್ನು ಸಂತೆಗೆ ಹೋಗಿಬರುವ ಕಾರಿಗೆ ತೊಡಿಸುವ ಹುಮ್ಮಸ್ಸಿನಿಂದ ಎಷ್ಟೋ ಒಳ್ಳೆಯ ವ್ಯಾಕ್ಯೂಂ ಡಿಸ್ಟ್ರಿಬ್ಯೂಟರುಗಳು ಗುಜರಿ ಪಾಲಾದುವೆಂಬುದು ನನಗೆ ನೋವಿನ ಸಂಗತಿ.

ಮೂಲದ ಡಿಸ್ಟ್ರಿಬ್ಯೂಟರು ಆರೋಗ್ಯವಾಗಿದ್ದರೆ ಅದನ್ನು ಕೀಳಬೇಕಾದ ಕಾರಣವೇ ಇಲ್ಲ. ಆರೋಗ್ಯವನ್ನು ತಿಳಿಯುವುದೂ ಕಷ್ಟವಲ್ಲ: ಮುಚ್ಚಳ ತೆಗೆದು ಶಾಫ್ಟನ್ನು ಎರಡು ಬೆರಳಿನಿಂದ ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಅದು ಆಡಬಾರದು, ರೋಟರನ್ನು ತಿರುಗುವ ದಿಕ್ಕಿಗೆ ಸ್ವಲ್ಪ ತಿರುಚಿ ಬಿಟ್ಟರೆ ತೂಕಗಳಿರುವ ಮಾದರಿಯಲ್ಲಿ ಅದು ತಾನಾಗಿ ಹಿಂದಕ್ಕೆ ಮರಳಬೇಕು, ವ್ಯಾಕ್ಯೂಮಿನ ನಳಿಗೆಯನ್ನು ಬಾಯಿಂದ ಹೀರಿದರೆ ತಟ್ಟೆ ಸರಿದು, ನಾಲಿಗೆಯಿಂದ ತುದಿಯನ್ನು ಮುಚ್ಚಿ ಹಿಡಿದಷ್ಟು ಹೊತ್ತೂ ಸರಿದಲ್ಲಿಯೇ ನಿಲ್ಲಬೇಕು. ಆದರೆ ಐವತ್ತು ಅರವತ್ತು ವರ್ಷ ದುಡಿದ ಯಂತ್ರಗಳಲ್ಲಿ ಈ ಮೂರೂ ಲಕ್ಷಣ ಒಟ್ಟಿಗೆ ಉಳಿದಿರುವುದು ದುರ್ಲಭ. ಶಾಫ್ಟಿನ ಬುಷ್ ಸವೆದಿದ್ದರೆ ಪಾಯಿಂಟಿನ ಗ್ಯಾಪು ಪ್ರತಿ ಕ್ಯಾಮಿಗೂ ಬೇರೆಬೇರೆ. ಪೊರೆ ತೂತಾಗಿದ್ದರೆ ವ್ಯಾಕ್ಯೂಮಿನ ಡಬ್ಬಿ ಬರಿಯ ಅಲಂಕಾರ. ಪಾಯಿಂಟುಗಳ ಸ್ವಭಾವವೂ ಅಂಥದೇ: ಕ್ಯಾಮಿಗೆ ಉಜ್ಜುವ ಪುಟ್ಟ ದಿಮ್ಮಿ ಸವೆಯುತ್ತ ಹೋದಂತೆ ಗ್ಯಾಪು ಕಿರಿದಾಗಿ, ಪಾಯಿಂಟು ತಡವಾಗಿ ತೆರೆದು, ಯಾರ ಕೈಯೂ ತಾಕದೆ ಟೈಮಿಂಗು ಹಿಂದೆ ಸರಿಯುವುದು. ಆದ್ದರಿಂದಲೇ ಮೊದಲು 0.4 ಮಿಲಿಮೀಟರಿನ ಗ್ಯಾಪು, ಆಮೇಲೆ ಟೈಮಿಂಗು ಎಂಬ ಕ್ರಮವನ್ನು ಯಾವ ಬಲ್ಲ ಮೆಕ್ಯಾನಿಕ್ಕನೂ ತಪ್ಪನು.

ಇಂಥ ಸ್ಥಿತಿಯಲ್ಲಿ ನಾನು ಆರಿಸಿಕೊಂಡುದು ಹಾಲೆಂಡಿನಲ್ಲಿ ತಯಾರಾಗುವ 123 ಎಂಬ ಹೆಸರಿನ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರು. ಹೊರನೋಟಕ್ಕೆ ಹಳೆಯದರಂತೆಯೇ ಇರುವ ಅದರ ಒಡಲಲ್ಲಿ ಪಾಯಿಂಟು, ತೂಕ, ಸ್ಪ್ರಿಂಗು ಯಾವುದೂ ಇಲ್ಲ. ಶಾಫ್ಟು ಎಲ್ಲಿದೆ, ಎಷ್ಟು ವೇಗದಲ್ಲಿದೆ, ವ್ಯಾಕ್ಯೂಮು ಎಷ್ಟಿದೆಯೆಂಬುದನ್ನು ಅಳೆದು ಕಿಡಿಯ ಕ್ಷಣವನ್ನು ನಿರ್ಧರಿಸುವ ಪುಟ್ಟ ಸರ್ಕಿಟ್ಟು ಇದೆ. ಇದರಲ್ಲಿ ಎರಡು ಬಗೆ. ಒಂದರಲ್ಲಿ ತಯಾರಕರೇ ಅಡಕಮಾಡಿದ ಹದಿನಾರು ಏರುರೇಖೆಗಳಿದ್ದು, ಸಣ್ಣ ಸ್ಕ್ರೂಡ್ರೈವರಿನಿಂದ ಒಂದು ಸ್ವಿಚ್ಚನ್ನು ತಿರುಗಿಸಿ ಬೇಕಾದುದನ್ನು ಆಯ್ದುಕೊಳ್ಳಬಹುದು; ಇನ್ನೊಂದರಲ್ಲಿ ರೇಖೆಯನ್ನೇ ನಾವು ಬಿಂದುಬಿಂದುವಾಗಿ ಬರೆದು ಕೂಡಿಸಬಹುದು. ಮೊದಲನೆಯದು ಹೆಚ್ಚಿನವರಿಗೆ ಸಾಕು ಎಂದೇ ನನ್ನ ಅಭಿಪ್ರಾಯ. ಮೂಲದಂತೆ ಉಳಿದಿರುವ ಎಂಜಿನ್ನಿಗೆ ಮೂಲದ ರೇಖೆಯನ್ನು ಅನುಸರಿಸುವ ಒಂದು ಸ್ಥಾನ ಅದರಲ್ಲಿ ದೊರೆತರೆ ಬೇರೆ ಹಂಬಲವೇಕೆ? ಆದರೆ ನನ್ನ ಕಾರಿನಲ್ಲಿರುವುದು ಬೇರೆ ಕಾರಿನಿಂದ ತಂದ 1600 ಸಿ.ಸಿ. ಎಂಜಿನ್ನು, ಅದರ ಕಾರ್ಬುರೇಟರು ಇನ್ನೊಂದರದು, ಸೈಲೆನ್ಸರು ಮತ್ತೊಂದರದು. ಯಾವ ಕಾರ್ಖಾನೆಯೂ ಈ ಸಂಯೋಗಕ್ಕೆ ರೇಖೆಯನ್ನು ಬರೆದಿರಲು ಸಾಧ್ಯವಿಲ್ಲದ್ದರಿಂದ ಎರಡನೆಯ ಬಗೆಯನ್ನು ತರಿಸಬೇಕಾಯಿತು.

ಅದನ್ನು ಕೂಡಿಸಿದುದು ಜೆ.ಸಿ. ರಸ್ತೆಯ ಹಿಂದಣ ಓಣಿಯೊಂದರಲ್ಲಿ ಹಳೆಯ ಕಾರುಗಳ ಸೇವೆಯಲ್ಲೇ ತಲೆ ನರೆಸಿದ ಮೇಸ್ತ್ರಿಯೊಬ್ಬರು. ಪೆಟ್ಟಿಗೆಯಿಂದ ತೆಗೆದು ಕೈಗಿತ್ತಾಗ ಅವರು ಮುಚ್ಚಳ ಬಿಚ್ಚಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, "ಇದ್ರಲ್ಲಿ ಪಾಯಿಂಟೇ ಇಲ್ವಲ್ಲ ಸಾರ್. ದಾರೀಲಿ ಕೈಕೊಟ್ರೆ ಏನನ್ನ ಉಜ್ಜೋದು?" ಎಂದರು. ಪಾಯಿಂಟನ್ನು ಮರಳುಕಾಗದದಿಂದ ಉಜ್ಜಿ ಎಷ್ಟು ಕಾರುಗಳನ್ನು ನಡುದಾರಿಯಿಂದ ಮನೆ ಸೇರಿಸಿದ್ದರೋ ಆ ಅನುಭವ ಆಡಿಸಿದ ಮಾತದು. "ಹಳೇದನ್ನ ಜೊತೇಲೇ ಇಟ್ಕೊಳ್ತೀನಿ ಮೇಸ್ತ್ರಿಗಳೇ" ಎಂದೆ. ಅವರು ತಲೆಯಾಡಿಸಿ ಕೆಲಸಕ್ಕೆ ಕೈಹಾಕಿದರು.

ಪುಲ್ಲಿಯನ್ನು ಕೈಯಿಂದ ತಿರುಗಿಸಿ, ಅದರ ಅಂಚಿನ ಗುರುತು ಕ್ರ್ಯಾಂಕ್‌ಕೇಸಿನ ಎರಡು ಅರ್ಧಗಳು ಕೂಡುವ ಗೆರೆಗೆ ಸರಿಯಾಗಿ ನಿಲ್ಲುವಂತೆ ಮಾಡಿ, ರೋಟರಿನ ಮೂತಿ ಹಳೆಯ ಡಿಸ್ಟ್ರಿಬ್ಯೂಟರಿನ ಕಂಠದ ಮೇಲಿನ ಸಣ್ಣ ಗೀರಿನತ್ತ, ಎಂದರೆ ಒಂದನೆಯ ಸಿಲಿಂಡರಿನತ್ತ, ಮುಖಮಾಡಿದೆಯೆಂಬುದನ್ನು ನೋಡಿಕೊಂಡ ಮೇಲೆಯೇ ಅವರು ನಟ್ಟನ್ನು ಸಡಿಲಿಸಿದುದು. ಹೊಸದು ಒಳಗಿಳಿಯಿತು, ಶಾಫ್ಟಿನ ಬುಡದ ಹಲ್ಲುಗಳು ನಡುವಿನಿಂದ ತುಸು ಓರೆಯಾಗಿರುವುದರಿಂದ ಅದು ಒಂದೇ ರೀತಿಯಲ್ಲಿ ಕೂರಬಲ್ಲುದು, ತಲೆಕೆಳಗಾಗಿ ಕೂಡಿಸುವ ಪ್ರಮಾದಕ್ಕೆ ಅಲ್ಲಿ ಎಡೆಯೇ ಇಲ್ಲ. ಒಂದು ತಂತಿ ಕಾಯಿಲಿನ 15 ಎಂಬ ಗುರುತಿಗೆ, ಇನ್ನೊಂದು 1 ಎಂಬ ಗುರುತಿಗೆ. ಕೀ ತಿರುಗಿಸಿ, ಒಡಲನ್ನು ಮೆಲ್ಲಮೆಲ್ಲನೆ ತಿರುಗಿಸುತ್ತ ಬಂದಾಗ ಒಂದೆಡೆ ಒಳಗಿನ ಹಸಿರು ದೀಪ ಹತ್ತಿತು. ಹಿಂದೆ ಇದೇ ಕೆಲಸಕ್ಕೆ ಕಾಯಿಲಿಗೂ ಬಾಡಿಗೂ ನಡುವೆ ಬಲ್ಬೊಂದನ್ನು ಸಿಕ್ಕಿಸಿ ಪಾಯಿಂಟು ತೆರೆಯುವ ಕ್ಷಣವನ್ನು ಹಿಡಿಯುತ್ತಿದ್ದ ಮೇಸ್ತ್ರಿಗಳಿಗೆ, ಆ ಬಲ್ಬನ್ನು ಡಿಸ್ಟ್ರಿಬ್ಯೂಟರಿನೊಳಗೇ ಇಟ್ಟಿರುವ ಈ ಏರ್ಪಾಡು ಮೆಚ್ಚಿಕೆಯಾಯಿತೆಂದು ಅವರ ಮುಖವೇ ಹೇಳಿತು.

ದೀಪ ಹತ್ತಿದುದು ಆರಂಭ ಮಾತ್ರ. ನಿಂತ ಎಂಜಿನ್ನಿನಲ್ಲಿ ಟೈಮಿಂಗು ಸರಿಯಾದ ಮಾತ್ರಕ್ಕೆ ತೃಪ್ತರಾಗುವವರು ಅನೇಕರು. ಎಂಜಿನ್ನನ್ನು ಕಾಯುವುದೂ ಕೊಲ್ಲುವುದೂ 3000 ಸುತ್ತಿನ ಮೇಲಣ ಒಟ್ಟು ಅಡ್ವಾನ್ಸೇ ಆದುದರಿಂದ ಅದನ್ನು ಕಣ್ಣಾರೆ ಕಾಣದೆ ಬಿಡಬಾರದು. ಇದಕ್ಕೆ ಡಿಗ್ರಿಯ ಗುರುತುಗಳಿರುವ ಪುಲ್ಲಿಯೇ ಬೇಕೆಂದಿಲ್ಲ. ದರ್ಜಿಯ ಟೇಪಿನಿಂದ ಪುಲ್ಲಿಯ ಸುತ್ತಳತೆಯನ್ನು ತೆಗೆದು, ಹನ್ನೆರಡರಲ್ಲೊಂದು ಪಾಲನ್ನು ಮೇಲ್ತುದಿಯ ಗುರುತಿನಿಂದ ಬಲಕ್ಕೆ ಅಳೆದು ಬಿಳಿಯ ಬಣ್ಣದ ಗೆರೆಯೆಳೆದರೆ ಅದೇ ಮೂವತ್ತು ಡಿಗ್ರಿ. ವ್ಯಾಕ್ಯೂಮಿನ ನಳಿಗೆಯನ್ನು ಬಿಚ್ಚಿ, ಬಾಯಿ ಮುಚ್ಚಿ, ಎಂಜಿನ್ನನ್ನು 3500ರ ಬಳಿಗೆ ಏರಿಸಿ, ಟೈಮಿಂಗ್ ಲೈಟನ್ನು ಪುಲ್ಲಿಯ ಮೇಲೆ ಬೀರಿದಾಗ, ಅಷ್ಟು ವೇಗದಲ್ಲಿ ಸುತ್ತುವ ಆ ಬಿಳಿಯ ಗೆರೆ ಬೆಳಕಿನಲ್ಲಿ ಅಲುಗದೆ ನಿಂತು ಕೇಸಿನ ಗೆರೆಯೊಡನೆ ಕೂಡಿಕೊಳ್ಳುವುದನ್ನು ನೋಡುವುದು ನನಗೆ ಇಂದಿಗೂ ಹರ್ಷದ ವಿಷಯ. ಹಳೆಯ ಡಿಸ್ಟ್ರಿಬ್ಯೂಟರಿನಲ್ಲಿ ಅದೇ ಗೆರೆ ನಾಲ್ಕು ಡಿಗ್ರಿಯಷ್ಟು ಅತ್ತಿತ್ತ ಓಲಾಡುತ್ತಿತ್ತು.

ಆಮೇಲೆ ರೇಖೆಯನ್ನು ಬರೆಯುವ ಕೆಲಸ. 900 ಸುತ್ತಿನಲ್ಲಿ ಎಂಟು ಡಿಗ್ರಿ, 1500ರಲ್ಲಿ ಹದಿನಾಲ್ಕು, 2500ರಲ್ಲಿ ಇಪ್ಪತ್ತನಾಲ್ಕು, 3200ರಲ್ಲಿ ಇಪ್ಪತ್ತೊಂಬತ್ತು, ಅಲ್ಲಿಂದ ಮುಂದೆ ಸಮತಲ. ಇದರ ಮೇಲೆ ಅರೆ ಒತ್ತಿನಲ್ಲಿ ವ್ಯಾಕ್ಯೂಮಿಗೆ ಹತ್ತು. ಇದು ನನ್ನ ಎಂಜಿನ್ನಿಗೆ ಒಪ್ಪಿದ ರೇಖೆ, ಇತರರದಕ್ಕೆ ಒಪ್ಪಲೇಬೇಕೆಂದಿಲ್ಲ. ಒಂದು ಸೂಕ್ಷ್ಮವನ್ನು ಮಾತ್ರ ಎಲ್ಲರಿಗೂ ಹೇಳುವೆನು: 700 ಸುತ್ತಿನ ಬಳಿ ಅಡ್ವಾನ್ಸನ್ನು 900ರಲ್ಲಿರುವುದಕ್ಕಿಂತ ಎರಡು ಡಿಗ್ರಿ ಹೆಚ್ಚಾಗಿ ಇಟ್ಟರೆ, ಐಡ್ಲಿಂಗಿನಲ್ಲಿ ಎಂಜಿನ್ನು ಕುಸಿಯತೊಡಗಿದಾಗ ತನಗೆ ತಾನೇ ಬಲ ಪಡೆದು ಮೇಲಕ್ಕೆ ಬರುವುದು. ಸ್ಪ್ರಿಂಗು ತೂಕಗಳಿಂದ ಎಂದೂ ಸಾಧ್ಯವಾಗದ ಅನುಕೂಲವಿದು. ತೂಕ ವೇಗ ತಗ್ಗಿದಾಗ ಒಳಸರಿಯಬಲ್ಲುದೇ ಹೊರತು ಹೊರಚಾಚಲಾರದು. ಬದಲಾವಣೆಯನ್ನು ಒಮ್ಮೆಗೆ ಒಂದೇ, ಅದೂ ಎರಡು ಡಿಗ್ರಿಗೆ ಮೀರದಂತೆ ಮಾಡಿ, ಅದೇ ರಸ್ತೆಯಲ್ಲಿ ಅದೇ ಗೇರಿನಲ್ಲಿ ಓಡಿಸಿ ನೋಡಬೇಕು. ಟ್ಯಾಪೆಟ್ಟು, ಪ್ಲಗ್ಗು, ಕಾರ್ಬುರೇಟರು ಸರಿಯಾಗುವುದಕ್ಕೆ ಮೊದಲು ರೇಖೆಯನ್ನು ತಿದ್ದಹೊರಟರೆ ಕಾರ್ಬುರೇಟರಿನ ದೋಷವನ್ನು ಕಿಡಿಯಿಂದ ಮುಚ್ಚಿದಂತಾಗುವುದು. ಆ ಮುಚ್ಚುವಿಕೆಗೆ ಬೆಲೆ ತೆರುವುದು ವಾಲ್ವು.

ನಮ್ಮ ನಾಡಿನ ಭೂಸ್ವರೂಪವೂ ಇಲ್ಲಿ ಲೆಕ್ಕಕ್ಕೆ ಬರುವುದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿಯ ಗಾಳಿಯ ಒತ್ತಡ ಕಡಲತೀರದ್ದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಮೆ. ಸಿಲಿಂಡರು ಅಷ್ಟರಮಟ್ಟಿಗೆ ವಿರಳವಾಗಿ ತುಂಬುವುದರಿಂದ ಎಂಜಿನ್ನು ಒಂದೆರಡು ಡಿಗ್ರಿ ಹೆಚ್ಚಿನ ಅಡ್ವಾನ್ಸನ್ನು ನಿರಪಾಯವಾಗಿ ತಾಳಿಕೊಳ್ಳುವುದು. ಇಲ್ಲಿ ಅಂಚಿನವರೆಗೆ ಹೊಂದಿಸಿದ ಕಾರನ್ನು ಮಂಗಳೂರಿಗೆ ಒಯ್ದು, ಕಡಲಮಟ್ಟದ ದಟ್ಟ ಗಾಳಿಯಲ್ಲಿ, ಅಲ್ಲಿಯ ಸೆಕೆಯಲ್ಲಿ, ಮರಳಿ ಶಿರಾಡಿ ಘಾಟಿಯ ಏರನ್ನು ಗುಂಡ್ಯದಿಂದ ಸಕಲೇಶಪುರದವರೆಗೆ ಲಾರಿಗಳ ಹಿಂದೆ ಎರಡನೆಯ ಗೇರಿನಲ್ಲಿ ಹತ್ತಿಸುವಾಗ ಪರೀಕ್ಷೆ ಎದುರಾಗುವುದು: ಕಾರಿನ ವೇಗ ಅಲ್ಪ, ಎದುರುಗಾಳಿಯ ಸಹಾಯವಿಲ್ಲ, ಒತ್ತು ಪೂರ್ಣ. ಮೂರನೆಯ ಪ್ಲಗ್ಗಿನ ಬುಡಕ್ಕೆ ಉಷ್ಣವನ್ನಳೆಯುವ ತಂತಿಯ ಉಂಗುರವನ್ನು ಹಾಕಿಸಿ ಮೀಟರನ್ನು ಕಣ್ಣೆದುರಿಗೆ ಇಟ್ಟುಕೊಂಡಿರುವುದು ನನಗೆ ಇಂಥ ಹಾದಿಗೋಸ್ಕರವೇ. ಫ್ಯಾನಿನ ಗದ್ದಲದಲ್ಲಿ ಕಿವಿಗೆ ಕೇಳದುದನ್ನು ಆ ಮುಳ್ಳು ಹೇಳುವುದು. ಘಾಟಿಗೆ ಹೊರಡುವ ಹಿಂದಿನ ದಿನ ಮೇಲಿನ ತುದಿಯನ್ನು ಇಪ್ಪತ್ತೇಳಕ್ಕೆ ಇಳಿಸಿಕೊಳ್ಳುವ ಪದ್ಧತಿಯನ್ನು ನಾನು ಇಟ್ಟುಕೊಂಡಿದ್ದೇನೆ. ಹಾಗೆ ಇಳಿಸಿದಾಗ ಏರಿನಲ್ಲಿ ಎಳೆತ ಕಿಂಚಿತ್ತು ತಗ್ಗುವುದು ನಿಜ; ತಿರುವುಗಳ ರಸ್ತೆಯಲ್ಲಿ ಅದರಿಂದಾಗುವ ನಷ್ಟ ಮೇಲಿನ ಚಹದಂಗಡಿಗೆ ಐದು ನಿಮಿಷ ತಡವಾಗಿ ಸೇರುವುದಷ್ಟೆ. ಬೆಂಗಳೂರಿಗೆ ಮರಳಿದ ಮೇಲೆ ಮತ್ತೆ ಇಪ್ಪತ್ತೊಂಬತ್ತು. ಹಿಂದೆ ಇದಕ್ಕಾಗಿ ಹುಡ್ಡನ್ನೆತ್ತಿ, ನಟ್ಟು ಸಡಿಲಿಸಿ, ಲೈಟು ಹಿಡಿದು ಪಡಬೇಕಾಗಿದ್ದ ಶ್ರಮ ಇಂದು ತಪ್ಪಿದೆ.

ಮೇಸ್ತ್ರಿಗಳ ಪ್ರಶ್ನೆಗೆ ಕೊಟ್ಟ ಮಾತನ್ನು ನಡೆಸಿಕೊಂಡು ಬಂದಿದ್ದೇನೆ. ಎಲೆಕ್ಟ್ರಾನಿಕ್ ಸಾಧನ ಕೆಡುವುದು ವಿರಳ, ಆದರೆ ಕೆಟ್ಟರೆ ದಾರಿಯಲ್ಲಿ ಅದಕ್ಕೆ ಮದ್ದಿಲ್ಲ. ಬುಷ್ ಬದಲಿಸಿ, ಹೊಸ ಪೊರೆ ಹಾಕಿಸಿ, ಪಾಯಿಂಟನ್ನು 0.4ಕ್ಕೆ ಇಟ್ಟ ಹಳೆಯ ಡಿಸ್ಟ್ರಿಬ್ಯೂಟರು ಬಟ್ಟೆಯಲ್ಲಿ ಸುತ್ತಿಕೊಂಡು ಮುಂದಣ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕದಲ್ಲಿ ಮಲಗಿದೆ; ಜೊತೆಗೆ ಒಂದು ಸ್ಪ್ಯಾನರು, ಫೀಲರ್ ಗೇಜು, ತಂತಿ ಬೆಸೆದ ಬಲ್ಬು. ಅಂಗಡಿಗಳಲ್ಲಿ ಈಗ ಸಿಕ್ಕುವ ಕಂಡೆನ್ಸರುಗಳನ್ನೆಲ್ಲ ನಂಬಲಾಗದೆಂದು ಹೇಳಿ, ಹಳೆಯ ದಾಸ್ತಾನಿನದೊಂದನ್ನು ಮೇಸ್ತ್ರಿಗಳೇ ತಮ್ಮ ಡಬ್ಬದಿಂದ ಹುಡುಕಿ ತೆಗೆದು ಅದಕ್ಕೆ ಕೂಡಿಸಿಕೊಟ್ಟಿರುವರು.